ಕೊನೆಯ ಹೋಳಿಗೆ ಯಾರಿಗೆ

ಹಂಚಿನ ಮೇಲೆ ಹೋಳಿಗೆಯ ಅಂಚು ಕಂದುತ್ತ ತುಪ್ಪದ ವಾಸನೆ ಎದ್ದರೆ ಸಾಕು, ಸವದತ್ತಿಯ ಈ ಅಡುಗೆಮನೆ ಮರೆತು ನಾನು ಸಂಗೊಳ್ಳಿಯ ಪಡಸಾಲೆಯಲ್ಲಿ ಕೂತಿರುತ್ತೇನೆ. ನಡುವೆ ಕಾಕಾ, ಸುತ್ತ ನಾವು ಮಕ್ಕಳು, ಬುಟ್ಟಿಯಲ್ಲಿ ಕೊನೆಗೆ ಉಳಿದ ಒಂದೇ ಹೋಳಿಗೆ. ಕಾಕಾ ಬೈಲಹೊಂಗಲದ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ, ಮದುವೆಯಾಗಿರಲಿಲ್ಲ. ಹೆಚ್ಚು ಜನಕ್ಕೆ ಹೆಚ್ಚು ಸುಖ ಕೊಡುವುದೇ ಸರಿಯಾದ ಕೆಲಸ ಎಂದ ಇಂಗ್ಲೆಂಡಿನ ಹಳೆಯ ಪಂಡಿತರ ಕಥೆಗಳನ್ನು ನಮ್ಮ ಊಟದ ಜೊತೆಗೇ ಬಡಿಸುತ್ತಿದ್ದ. ಅವರಲ್ಲೊಬ್ಬ, ಮೂಕ ಪ್ರಾಣಿಯ ನೋವನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದನಂತೆ. ಸತ್ತ ಮೇಲೆ ತನ್ನ ದೇಹ ಕೊಯ್ದು ವೈದ್ಯರು ಕಲಿಯಲಿ ಎಂದು ಬರೆದಿಟ್ಟನಂತೆ. ಅವನ ಶಿಷ್ಯನ ಮಗ, ಮೂರು ವರ್ಷಕ್ಕೇ ಗ್ರೀಕ್ ಕಲಿತವನು, ಸುಖದಲ್ಲೂ ಮೇಲು ಕೀಳು ಉಂಟು ಎಂದನಂತೆ. ಕಥೆ ಮುಗಿಸಿ ಕಾಕಾ ಆ ಹೋಳಿಗೆ ಎತ್ತಿ ಹಿಡಿದು, ಇದರಿಂದ ಯಾರಿಗೆ ಹೆಚ್ಚು ಸುಖ ಎಂದು ಕೇಳುತ್ತಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನರಳುತ್ತ ಕೈ ಎತ್ತುತ್ತಿದ್ದೆವು. "ಹಸಿವೀನೂ ತಕ್ಕಡ್ಯಾಗ ತೂಗತಾನ ನನ್ನ ಮಗ," ಎಂದು ನಮ್ಮ ಆಯಿ, ಕಾಕಾನ ತಾಯಿ, ಒಲೆಯ ಮುಂದಿನಿಂದಲೇ ಹಂಗಿಸುತ್ತಿದ್ದಳು.

ಕಾಕಾ ಒಮ್ಮೆಲೇ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಅವನ ಮೇಜಿನಲ್ಲಿ ಚೀಟಿ ಸಿಕ್ಕಿತು: ನನ್ನ ದೇಹ ಡಾಕ್ಟರಿ ಕಲಿಯುವವರಿಗೆ. ಅಪ್ಪ ಚೀಟಿಯಲ್ಲಿದ್ದ ನಂಬರಿಗೆ ಫೋನು ಮಾಡಿಬಿಟ್ಟಿದ್ದ. ಅತ್ತ ಹೊಲದಲ್ಲಿ ಗುಣಿಯನ್ನೂ ತೋಡಿಯಾಗಿತ್ತು. ನಮ್ಮಲ್ಲಿ ಸತ್ತವರನ್ನು ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿಯೇ ಮಣ್ಣು ಮಾಡುವುದು. ವಿಭೂತಿ ಬಳಿಸಿಕೊಂಡು ಕಾಕಾ ಗೋಡೆಗೆ ಒರಗಿ ಕೂತಿದ್ದ, ಇನ್ನೇನು ಕಥೆ ಹೇಳುತ್ತಾನೆ ಎಂಬಂತೆ. ಬೆಳಗಾವಿಯ ಡಾಕ್ಟರಿ ಕಾಲೇಜಿನ ಗಾಡಿ ಬಾಗಿಲಿಗೆ ಬಂದು ನಿಂತಾಗ ಭಜನೆ ನಿಂತಿತು. ದೈವದವರು, ಊರ ಹಿರಿಯರು, ದಾರಿಗೆ ಅಡ್ಡ ನಿಂತರು. ತೋಡಿದ ಗುಣಿ ಖಾಲಿ ಉಳಿದರೆ ಮನೆಯಿಂದ ಇನ್ನೊಂದು ಹೆಣ ಬೇಡುತ್ತದೆ ಎಂದರು. ಅವ್ವ ನನ್ನನ್ನು ಸೆರಗಿನೊಳಗೆ ಎಳೆದುಕೊಂಡಳು. ಎಲ್ಲರೂ ಆಯಿಯ ಮುಖ ನೋಡಿದರು. ಆಯಿ ಗಾಡಿಯೊಂದಿಗೆ ಬಂದ ಎಳೆಯ ಡಾಕ್ಟರನ್ನು ಹತ್ತಿರ ಕರೆದಳು.

"ಇವನಿಂದ ಎಷ್ಟು ಮಂದಿ ಕಲೀತಾರಪಾ?"

"ಹತ್ತಿಪ್ಪತ್ತು ಹುಡುಗ್ರು ಕಲೀತಾರ್ರಿ ಅಮ್ಮಾರ."

ಆಯಿ ಬಹಳ ಹೊತ್ತು ಮಗನ ತಲೆ ಸವರಿದಳು. "ಅಷ್ಟು ಮಂದಿಗೆ ಚಲೋ ಆಗೂದಿದ್ರ, ನಾ ಒಬ್ಬಾಕಿ ಅತ್ತರ ಏನಾತು. ಒಯ್ರಿ."

ಅವನ ಅಂಗೈಯ ಲಿಂಗ ಮಾತ್ರ ತೆಗೆದುಕೊಂಡು, ಅವನದೇ ಧೋತರದಲ್ಲಿ ಸುತ್ತಿ, ಪತ್ರಿ ವಿಭೂತಿಯ ಜೊತೆ ಆ ಗುಣಿಯಲ್ಲಿಟ್ಟು ತಾನೇ ಮಣ್ಣು ಎಳೆದಳು. ಶಿವನ ದಯೆ, ಆ ವರ್ಷ ಮನೆಯಲ್ಲಿ ಇನ್ನೊಂದು ಸಾವಾಗಲಿಲ್ಲ. ಆ ದಯೆಯನ್ನು ನಾನು ಇಂದಿಗೂ ನೆನೆಯುತ್ತೇನೆ.

ಈಗ ಆ ಮನೆಯಿಲ್ಲ, ಆಯಿಯೂ ಇಲ್ಲ. ನನ್ನ ಬುಟ್ಟಿಯಲ್ಲಿ ಇಂದೂ ಒಂದು ಹೋಳಿಗೆ ಉಳಿದಿದೆ. ಅದನ್ನು ಕಂಡಾಗಲೆಲ್ಲ ಒಂದೇ ಯೋಚನೆ. ಅಷ್ಟು ವರ್ಷ ಹೋಳಿಗೆ ಬೇಯಿಸಿದ ಆಯಿ ಒಮ್ಮೆಯೂ ಕೈ ಎತ್ತಿರಲಿಲ್ಲ. ಕಾಕಾ ಅವಳನ್ನು ಕೇಳಿಯೂ ಇರಲಿಲ್ಲ.