ಕ್ವಾರ್ಟರ್ಸಿನ ಬೀಗದ ಕೈ

ಮಳೆ ಬರಬಹುದಿತ್ತು. ಕಾಫಿ ಬೆಳೆಯುವವರೆಲ್ಲ ಹೂಮಳೆಗಾಗಿ ಮುಗಿಲು ನೋಡುತ್ತಿದ್ದಾಗ, ಎಸ್ಟೇಟಿನ ಫುಟ್‌ಬಾಲ್ ತಂಡದ ಸೆಕ್ರೆಟರಿಯಾದ ನಾನೊಬ್ಬನೇ ಅದು ಇನ್ನೊಂದು ದಿನ ತಡೆಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಚಿಕ್ಕಮಗಳೂರಿನಿಂದ ಬರಬೇಕಾದ ರೆಫರಿಗೆ ಬಸ್ಸು ತಪ್ಪಬಹುದಿತ್ತು. ಚೆಂಡಿನ ಬ್ಲಾಡರ್ ಒಡೆಯಬಹುದಿತ್ತು. ಇನ್ನೊಂದು ಇಟ್ಟುಕೊಂಡಿದ್ದೆ, ಅದೂ ಒಡೆಯಬಹುದಿತ್ತು. ಆಟಗಾರರನ್ನು ತುಂಬಿಕೊಂಡ ಲಾರಿ ತಿರುವಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಗೋಲ್‌ಕೀಪರ್ ಅಕ್ಕನ ಮನೆಯಲ್ಲಿ ಕಡುಬು, ಕೋಳಿಸಾರು ಬಾರಿಸಿ ಹೊಟ್ಟೆ ಹಿಡಿದುಕೊಂಡು ಕೂರಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಫಾರ್ವರ್ಡ್‌ನನ್ನು ಪಕ್ಕದ ಎಸ್ಟೇಟಿನವರು ಹಾರಿಸಿಕೊಂಡು ಹೋಗಬಹುದಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತಿದು. ಮೂಡಿಗೆರೆ ಕಡೆ ಕೊಯ್ಲು ಮುಗಿದ ಮೇಲೆ ನಮ್ಮ ಸುತ್ತಿನ ಕೆಲವು ಎಸ್ಟೇಟುಗಳ ನಡುವೆ ಪಂದ್ಯ ನಡೆಯುತ್ತಿತ್ತು. ಆಡುವವರು ತೋಟದ ಕೆಲಸಗಾರರೇ ಆಗಿರಬೇಕು ಎಂಬುದು ನಿಯಮ. ಹಾಗಾಗಿ ಒಳ್ಳೆಯ ಆಟಗಾರ ಎಲ್ಲಿ ಸಿಕ್ಕಿದರೂ ಅವನ ಹೆಸರನ್ನು ಹಾಜರಿ ಪುಸ್ತಕಕ್ಕೆ ಸೇರಿಸಿ, ಮುಂದೆ ‘ಚಿಗುರು ತೆಗೆಯುವ ಕೆಲಸ’ ಎಂದು ಬರೆಯುತ್ತಿದ್ದೆವು. ಬರೆಯುತ್ತಿದ್ದವನು ನಾನೇ. ಆ ಎಸ್ಟೇಟಿನ ರೈಟರ್.

ಫಾರ್ವರ್ಡ್ ಮೂಡಿಗೆರೆಯ ಲಾರಿ ಮೆಕ್ಯಾನಿಕ್ ಒಬ್ಬರ ಮಗ. ಅವನ ಎಡಗಾಲಿನಿಂದ ಹೊರಟ ಚೆಂಡು ಎತ್ತ ಹೋಯಿತೆಂದು ಗೋಲ್‌ಕೀಪರುಗಳು ಬಲೆಯಲ್ಲಿ ಹುಡುಕುತ್ತಿದ್ದರು. ಅವನನ್ನು ಸೇರಿಸಿಕೊಂಡ ದಿನ ನಮ್ಮ ಸಾಹುಕಾರರು ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ ಅವನ ಮೀನಖಂಡ ಒತ್ತಿ ನೋಡಿ, ಆಮೇಲೆ ಕರ್ಚೀಫಿನಿಂದ ಕೈ ಒರೆಸಿಕೊಂಡರು. ನನಗೆ ಆಗಲೇ ಹೇಸಿಗೆಯಾಯಿತು. ಹೇಸಿಗೆಪಡುತ್ತಲೇ ದುಂಡಗಿನ ಅಕ್ಷರದಲ್ಲಿ ಅಗ್ರಿಮೆಂಟ್ ಬರೆದೆ: ಬೇರೆ ತಂಡಕ್ಕೆ ಆಡತಕ್ಕದ್ದಲ್ಲ, ಪ್ರತಿಯಾಗಿ ಖಾಯಂ ಕೆಲಸ ಮತ್ತು ಕಾಫಿ ಒಣಗಿಸುವ ಕಣದ ಪಕ್ಕದ ಹೆಂಚಿನ ಕ್ವಾರ್ಟರ್ಸ್ ಕೊಡತಕ್ಕದ್ದು. ಯಾವಾಗ ಎಂದು ಬರೆಯಬೇಡ ಎಂದರು ಸಾಹುಕಾರರು. ಬರೆಯಲಿಲ್ಲ.

ಎರಡು ವರ್ಷ ಕಳೆದರೂ ಅವನು ಕೂಲಿ ಲೈನಿನ ಒಂದು ಕೋಣೆಯಲ್ಲಿ ಮತ್ತೆ ನಾಲ್ವರ ಜೊತೆ ಮಲಗುತ್ತಿದ್ದ. ಅಷ್ಟರಲ್ಲಿ ಗೋಣಿಬೀಡಿನ ಮೆಣಸಿನ ವ್ಯಾಪಾರಿಯೊಬ್ಬರ ಮಗಳ ಜೊತೆ ಮದುವೆ ಮಾತಾಯಿತು. ಹುಡುಗಿಯ ತಂದೆ ಒಂದೇ ಮಾತು ಹೇಳಿದ್ದರು: ಸೋಮವಾರ ಬಂದು ಮನೆ ನೋಡುತ್ತೇನೆ; ಮನೆ ಇದ್ದರೆ ನಿಕಾ, ಇಲ್ಲದಿದ್ದರೆ ಇಲ್ಲ. ಫೈನಲ್ ಇದ್ದದ್ದು ಅದರ ಹಿಂದಿನ ದಿನ, ಭಾನುವಾರ.

ಭಾನುವಾರ ಬೆಳಿಗ್ಗೆ ಅವನು ಕಣದ ಮೆಟ್ಟಿಲ ಮೇಲೆ ಬರಿಗಾಲಲ್ಲಿ ಕೂತಿದ್ದ. ಬೂಟು ಪಕ್ಕದಲ್ಲಿತ್ತು.

“ಏಳು ಮಾರಾಯ, ಲಾರಿ ಹೊರಡ್ತದೆ.”

“ಬೀಗದ ಕೈ ಕೊಡ್ಲಿ ರೈಟ್ರೇ, ಲಾರಿಗಿಂತ ಮುಂದೆ ಓಡ್ತೀನಿ.”

“ಇವತ್ತೊಂದು ಆಡು. ನಾಳೆ ಮಾತಾಡಣ.”

“ಎರಡ್ ವರ್ಷದಿಂದ ನಾಳೆನೇ ಮಾತಾಡ್ತಿದೀವಲ್ಲ! ಅಗ್ರಿಮೆಂಟ್ ಬರ್ದಿದ್ದು ನೀವೇ. ನಾಳೆ ಹುಡುಗಿ ಅಪ್ಪ ಬಂದ್ರೆ ಏನು, ನನ್ ಎಡಗಾಲು ತೋರ್ಸ್ಲ? ಪಕ್ಕದ ಎಸ್ಟೇಟ್ನೋರು ಮನೆಗೆ ಸುಣ್ಣ ಹೊಡ್ಸಿ ಜೀಪ್ ಕಳ್ಸಿದ್ರು. ಮಾತು ಕೊಟ್ಟಿದೀನಿ ಅಂತ ವಾಪಸ್ ಕಳ್ಸ್ದೆ.”

ಲಾರಿಯ ಮೇಲಿಂದ ಒಬ್ಬ ಕೂಗಿದ: “ನಾಕ್ ಗೋಲು ಹೊಡ್ದಿದ್ದಕ್ಕೆ ಕೊಬ್ಬು ನೋಡ್ರೋ!” ಇನ್ನೊಬ್ಬ: “ಮದುಮಗನ್ನ ಹೊತ್ಕೊಂಡೇ ಬನ್ನಿ!” ಹಿಂದಿನ ವಾರ ಇವರೇ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಣಿದಿದ್ದರು. ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ, ಸೆಕ್ರೆಟರಿಯಲ್ಲವೇ.

ಬಂಗಲೆಗೆ ಓಡಿದೆ. ಸಾಹುಕಾರರು ಅಕ್ಕಿರೊಟ್ಟಿಗೆ ಬೆಣ್ಣೆ ಸವರುತ್ತಿದ್ದರು.

“ಕೀ ಬೇಕಂತಾ? ಕೊಟ್ರಾಯ್ತು,” ಎಂದು ಡ್ರಾಯರ್ ಎಳೆದರು.

“ಆ ಮನೆ ಹೊಸ ಮ್ಯಾನೇಜರಿಗೆ ಅಂದಿದ್ರಲ್ಲ ನೀವು?”

“ಮ್ಯಾಚ್ ಮುಗೀಲಿ ಮಾರಾಯ. ಆಮೇಲೆ ಅವನ ಕಾಲಿಂದ ನಮಗೇನಾಗ್ಬೇಕು?”

ಬೆಣ್ಣೆ ಮೆತ್ತಿದ ಬೆರಳಿನಿಂದ ಒಂದು ಬೀಗದ ಕೈ ಎತ್ತಿ ನನ್ನ ಅಂಗೈಗೆ ಹಾಕಿದರು. ನೋಡಿದ ಕೂಡಲೇ ಗುರುತು ಹತ್ತಿತು. ಹಿಂದಿನ ಮಳೆಗಾಲದಲ್ಲಿ ಗೋಡೆ ಕುಸಿದ ಗೊಬ್ಬರದ ಗೋಡೌನಿನದು. ಆರು ವರ್ಷ ನಾನೇ ತಿರುಗಿಸಿದ ಕೈ. ರೆಫರಿಯ ಬಸ್ಸಿಗಾಗಿ ಮೂರು ದಿನ ತಲೆ ಕೆಡಿಸಿಕೊಂಡವನು ಈ ಒಂದು ವಿಷಯದಲ್ಲಿ ಮಾತ್ರ ಭಾರಿ ಧೈರ್ಯವಂತನಾದೆ. ಗೋಡೌನಿನ ಬೀಗವನ್ನೇ ಆ ಮನೆಗೆ ಹಾಕಿರಬಹುದು ಎಂದುಕೊಂಡೆ. ಎರಡು ಬೀಗಕ್ಕೂ ಒಂದೇ ಕೈ ಇರಬಹುದು ಎಂದುಕೊಂಡೆ. ಬೆಣ್ಣೆಯ ಜಿಡ್ಡನ್ನು ಪಂಚೆಗೆ ಒರೆಸಿ, ತಂದು ಅವನ ಕೈಗಿಟ್ಟೆ.

ಅವನ ಮುಖ ಅರಳಿದ್ದನ್ನು ನಾನು ವರ್ಣಿಸುವುದಿಲ್ಲ. ಆ ಯೋಗ್ಯತೆ ನನಗಿಲ್ಲ. ಬೀಗದ ಕೈಯನ್ನು ಚಡ್ಡಿಯ ಲಾಡಿಗೆ ಬಿಗಿಯಾಗಿ ಕಟ್ಟಿಕೊಂಡು ಲಾರಿ ಹತ್ತಿದ.

ಮಳೆ ಬರಲಿಲ್ಲ. ರೆಫರಿ ಒಂದು ಗಂಟೆ ಮೊದಲೇ ಬಂದು ನೆರಳಲ್ಲಿ ಕೂತಿದ್ದರು. ಬ್ಲಾಡರ್ ಒಡೆಯಲಿಲ್ಲ, ಲಾರಿ ಕೆಡಲಿಲ್ಲ, ಗೋಲ್‌ಕೀಪರಿನ ಹೊಟ್ಟೆ ಕಲ್ಲಿನಂತಿತ್ತು. ನಮ್ಮ ಫಾರ್ವರ್ಡ್ ಎರಡು ಗೋಲು ಹೊಡೆದ; ಓಡುವಾಗೆಲ್ಲ ಆ ಬೀಗದ ಕೈ ತೊಡೆಗೆ ಬಡಿಯುವುದು ನನಗೊಬ್ಬನಿಗೇ ಕಾಣುತ್ತಿತ್ತು. ಕಪ್ ನಮಗೇ ಬಂತು. ಸಾಹುಕಾರರು ಅವನ ಹೆಗಲ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ನಂತರ ಕರ್ಚೀಫು.

ಸೋಮವಾರ ಮೊದಲ ಬಸ್ಸಿಗೆ ಹುಡುಗಿಯ ತಂದೆ ಬಂದಿಳಿದರು. ಬಿಳಿ ಟೋಪಿ, ಕಂಕುಳಲ್ಲಿ ಛತ್ರಿ. ಅವನು ಆಫೀಸಿನ ಬಾಗಿಲಿಗೇ ಬಂದು ಕರೆದ: “ನೀವೂ ಬನ್ನಿ ರೈಟ್ರೇ. ಅಗ್ರಿಮೆಂಟ್ ಬರ್ದೋರು ಇರ್ಬೇಕಲ್ವ?”

ಹೋದೆ. ಹೋಗದಿದ್ದರೆ ಏನೆಂದುಕೊಳ್ಳುತ್ತಾನೋ ಎಂಬ ಹೆದರಿಕೆಗೆ.

“ತುಕ್ಕು ಹಿಡ್ದಿರ್ತದೆ ಮಾವ, ಒಂದ್ ನಿಮಿಷ,” ಎಂದು ಅವನು ಅಪ್ಪನ ಗ್ಯಾರೇಜಿನಿಂದ ಕಾಗದದಲ್ಲಿ ಕಟ್ಟಿ ತಂದಿದ್ದ ಗ್ರೀಸನ್ನು ಬೀಗದ ಬಾಯಿಗೆ ಹಚ್ಚಿದ. ಹುಡುಗಿಯ ತಂದೆ ಹೆಂಚು, ಕಿಟಕಿ, ಬಚ್ಚಲಿನ ಹೊಗೆಗೂಡು ಎಲ್ಲವನ್ನೂ ನೋಡಿ ತಲೆಯಾಡಿಸಿದರು. ಮನೆ ಅವರಿಗೆ ಹಿಡಿಸಿತ್ತು.

ಬೀಗದ ಕೈ ತಿರುಗಲಿಲ್ಲ.