ಮೂರನೆಯ ಕೂಗು

ನಮ್ಮ ಕಡೆ ನಡುಮಧ್ಯಾಹ್ನ ಯಾರಾದರೂ ಹೆಸರು ಹಿಡಿದು ಕೂಗಿದರೆ ತಟ್ಟನೆ ಓಗೊಡಬಾರದು. ಮೂರನೆಯ ಕೂಗಿಗೆ ಕಾಯಬೇಕು. ಮನುಷ್ಯರಲ್ಲದ್ದು ಮೂರು ಸಲ ಕೂಗಲಾರದಂತೆ. ಶಹಾಪುರದ ಹೊಲಗಳಿಗೆ ಕಾಲುವೆ ಬಂದು, ಒಬ್ಬಿಬ್ಬರು ಅದರಲ್ಲಿ ಮುಳುಗಿದ ಮೇಲೆ ಈ ಮಾತು ಇನ್ನೂ ಗಟ್ಟಿಯಾಯಿತು.

ನನ್ನ ಮಗಳು ಮೊದಲ ಕೂಗಿಗೆ ಎಂದೂ ಓ ಎಂದವಳಲ್ಲ. ನನ್ನ ಅವ್ವನಿಗೆ ಅದೇ ಹೆಮ್ಮೆ.

"ನಾ ಕಲಿಸಿದ್ದು ಮರ್ತಿಲ್ಲ ನೋಡು. ಭಾಳ ಶಾಣ್ಯಾಕಿ!"

ಶಾಲೆಯ ಟೀಚರು ಬೇರೆಯೇ ಹೇಳಿದರು. "ಕಿವಿ ಛಲೋ ಅದಾವ್ರಿ, ಲಕ್ಷ್ಯಾನೇ ನಿಲ್ಲಂಗಿಲ್ಲ. ಅರ್ಧ ಲೆಕ್ಕ ಬರ್ದು ಎದ್ದು ಹೋಗ್ತಾಳ. ದಿನಾ ಪೆನ್ಸಿಲ್ ಕಳೀತಾಳ. ಒಮ್ಮಿ ಮಕ್ಕಳ ಡಾಕ್ಟರಿಗೆ ತೋರಸ್ರಿ."

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು. ಇದೇ ಕಾಲುವೆಗೆ ಮಣ್ಣು ಹೊತ್ತು, ಇದರ ನೀರಿನಲ್ಲೇ ಭತ್ತ ಬೆಳೆದು ಮನೆ ಕಟ್ಟಿದವನು. "ನಮ್ಮ ಮನ್ಯಾಗ ಯಾರಿಗೂ ತಲಿ ಕೆಟ್ಟಿಲ್ರಿ," ಎಂದು ಎದ್ದು ಬಂದೆ.

ನಾಟಿಗೆ ನೀರು ಬಿಟ್ಟ ದಿನ, ನಡುಮಧ್ಯಾಹ್ನ. ಬುತ್ತಿ ತಂದ ಮಗಳು ಕಾಲುವೆ ದಂಡೆಯ ಮೇಲಿದ್ದಳು, ನಾನು ಗದ್ದೆಯ ಕೆಸರಿನಲ್ಲಿ. ಗಾಳಿ ಸತ್ತಂತಿತ್ತು. ನೀರು ಸದ್ದಿಲ್ಲದೆ ತುಂಬಿ ಹರಿಯುತ್ತಿತ್ತು. ಬುತ್ತಿ ಕೆಳಗಿಟ್ಟು ಅವಳು ಇಳಿಜಾರಿಗೆ ಇಳಿಯತೊಡಗಿದಳು, ಯಾರೋ ಕೈ ಹಿಡಿದು ಕರೆದೊಯ್ದ ಹಾಗೆ. ಕೂಗಿದೆ. ಇನ್ನೊಮ್ಮೆ ಕೂಗಿದೆ. ಮೂರನೆಯದಕ್ಕೆ ತಿರುಗಿಯೇ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ಆಮೇಲೆ ಓಡುತ್ತ ಎಷ್ಟು ಸಲ ಕೂಗಿದೆನೋ. ರಟ್ಟೆ ಹಿಡಿದಾಗ ನೀರು ಅವಳ ಪಾದ ಮುಟ್ಟಿತ್ತು.

ನಿದ್ದೆಯಿಂದ ಎದ್ದವಳಂತೆ ನೋಡಿದಳು. "ಯಾಕಪ್ಪಾ, ಕರದ್ಯೇನು?"

"ಮೂರನೇದಕ್ಕರ ಓ ಅನ್ನಬೇಕಲ್ಲವ್ವಾ? ಅಜ್ಜಿ ಕಲಿಸಿಲ್ಲೇನು?"

"ನೀ ಒಬ್ಬಾಂವನಾ ಕರೀತಿ? ನೀರು ಕರೀತದ. ತೇಲೂ ಎಲಿ ಕರೀತದ, ಹಕ್ಕಿ ಕರೀತದ. ಎಲ್ಲಾ ಕೂಡೇ ಕರೀತಾವಪ್ಪಾ. ಸಾಲ್ಯಾಗೂ ಹಂಗಾ."

ಆಗ ನನಗೆ ಹೊಳೆಯಿತು. ಅವಳು ಇಷ್ಟು ದಿನ ಯಾವ ಕೂಗನ್ನೂ ಎಣಿಸಿರಲೇ ಇಲ್ಲ.

ಮರುದಿನ ಟೀಚರ ಮುಂದೆ ನಿಂತೆ. "ಆ ಡಾಕ್ಟರು ಎಲ್ಲಿ ಅದಾರ ಹೇಳ್ರಿ."

ಯಾದಗಿರಿಯ ಡಾಕ್ಟರು ಬಹಳ ಹೊತ್ತು ಮಗಳೊಂದಿಗೆ ಮಾತಾಡಿದರು. "ಇದಕ್ಕೊಂದು ಹೆಸರದ. ಇಂಥಾ ಮಕ್ಕಳು ಭಾಳ ಅದಾರ. ದೂರಿಂದ ಕೂಗಬ್ಯಾಡ್ರಿ. ಹತ್ರ ಹೋಗಿ, ಭುಜ ಮುಟ್ಟಿ, ಒಂದೊಂದೇ ಮಾತು ಹೇಳ್ರಿ."

ಹಾಗೆಯೇ ಮಾಡುತ್ತೇನೆ. ಈಗಲೂ ಮಧ್ಯಾಹ್ನ ದಂಡೆಯ ಮೇಲೆ ಬರುವಾಗ ಅವಳು ಒಮ್ಮೊಮ್ಮೆ ನಿಂತು ನೀರಿನ ಕಡೆ ಕಿವಿಗೊಡುತ್ತಾಳೆ. ನನಗೇನೂ ಕೇಳಿಸುವುದಿಲ್ಲ. ಭುಜದ ಮೇಲಿನ ಕೈ ಮಾತ್ರ ತೆಗೆಯುವುದಿಲ್ಲ.