ಪ್ರೇಮಮ್ಮನ ಮೊದಲ ಜೊತೆ ಹಲ್ಲು

ನುಂಗಂಬಾಕ್ಕಂನ ಒಂದು ಅಡ್ಡರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ವೀಕ್ಷಾಳ ಹಲ್ಲಿನ ದವಾಖಾನೆ. ಅವಳ ಮೇಜಿನ ಮೇಲೆ ಗಾಜಿನ ಡಬ್ಬಿಯಲ್ಲಿ ಒಂದು ಜೊತೆ ಕಟ್ಟು ಹಲ್ಲುಗಳಿವೆ. ಮಾದರಿಗೆ ಇಟ್ಟಿರಬೇಕೆಂದು ಬಂದವರು ತಿಳಿಯುತ್ತಾರೆ. "ನನಗೂ ಇಂಥದ್ದೇ ಮಾಡ್ಕೊಡಿ ಡಾಕ್ಟ್ರೇ" ಎಂದು ಮೊನ್ನೆ ಒಬ್ಬರು ಕೇಳಿದಾಗ ವೀಕ್ಷಾ ಜೋರಾಗಿ ನಕ್ಕುಬಿಟ್ಟಳು. ಅಷ್ಟು ಕೆಟ್ಟ ಹಲ್ಲು ಇಡೀ ಚೆನ್ನೈಯಲ್ಲಿ ಇನ್ನೊಂದಿಲ್ಲ. ಕಟ್ಟಿದವಳು ಅವಳೇ.

ಎಂಟು ವರ್ಷದ ಹಿಂದಿನ ಮಾತು. ಕಾಲೇಜಿನ ಕೊನೆಯ ವರ್ಷ. ಒಬ್ಬೊಬ್ಬ ವಿದ್ಯಾರ್ಥಿಯೂ ಐದು ಜನರಿಗೆ ಪೂರ್ತಿ ಹಲ್ಲು ಕಟ್ಟಿ ಪ್ರೊಫೆಸರ್ ರವಿಶಂಕರ್ ಅವರ ಸಹಿ ಪಡೆಯಬೇಕಿತ್ತು. ಒಂದು ಕಡಿಮೆಯಾದರೂ ಪರೀಕ್ಷೆಗೆ ಕೂರುವಂತಿಲ್ಲ, ಆರು ತಿಂಗಳು ಹಿಂದೆ. ಹಾಗಾಗಿ ಬೊಚ್ಚುಬಾಯಿಯ ಅಜ್ಜ ಅಜ್ಜಿಯರನ್ನು ಹುಡುಕಿಕೊಂಡು ಎಲ್ಲರೂ ಗೇಟಿನಲ್ಲೇ ಕಾಯುತ್ತಿದ್ದರು. ಮಗನಿಗೆ ಹೆಣ್ಣು ಹುಡುಕುವವರೂ ಅಷ್ಟು ಕಾದಿರಲಾರರು. ಆ ಮೂರನೇ ಮಹಡಿಯ ಲ್ಯಾಬು, ಕರಗಿದ ಮೇಣದ ವಾಸನೆ, ಕೂದಲಿಗೆಲ್ಲ ಮೆತ್ತಿದ ಪ್ಲಾಸ್ಟರ್ ಪುಡಿ ಈಗಲೂ ನೆನಪಾದರೆ ವೀಕ್ಷಾಳಿಗೆ ಮತ್ತೆ ಅಲ್ಲಿಗೆ ಓಡಿಹೋಗಬೇಕೆನಿಸುತ್ತದೆ.

ಐದನೆಯವರಾಗಿ ಸಿಕ್ಕವರು ರಾಯಪುರಂನ ಪ್ರೇಮಮ್ಮ. ಮಂಡ್ಯ ಕಡೆಯವರು, ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ ಗಂಡನ ಕೈಹಿಡಿದು ಬಂದು ನಲವತ್ತು ವರ್ಷವಾಗಿತ್ತು. ಸೊಸೆ ಭವಾನಿಯ ಜೊತೆ ಮನೆಯಲ್ಲೇ ಕೋಡುಬಳೆ ಕರಿದು, ಬೆಸೆಂಟ್ ನಗರದವರೆಗೂ ಕನ್ನಡದ ಮನೆಗಳಿಗೆ ಕೊಡುತ್ತಿದ್ದರು. ಪ್ರತಿ ಒಬ್ಬೆಯ ಮೊದಲ ಕೋಡುಬಳೆಯನ್ನು ತಾವೇ ಕಚ್ಚಿ ನೋಡದೆ ಡಬ್ಬಿಗೆ ಹಾಕಿದವರಲ್ಲ. ಹಲ್ಲು ಹೋದ ಮೇಲೆ ಆ ಕೆಲಸವೂ ಕೈಬಿಟ್ಟಿತ್ತು.

"ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ನಂಗೆ ಮನೆ ತುಂಬ ಕೋಡ್ಬಳೆ ಐತೆ ಕಣವ್ವ" ಎಂದು ಮೊದಲ ದಿನವೇ ನಗಿಸಿದ್ದರು. ಚೆನ್ನೈಯಲ್ಲೇ ಹುಟ್ಟಿ ಬೆಳೆದ ವೀಕ್ಷಾ ತನ್ನ ಅಮ್ಮನ ಫೋನಿಗೆ ತಮಿಳಲ್ಲಿ ಉತ್ತರ ಕೊಡುವುದನ್ನು ಕೇಳಿ, "ಅಮ್ಮ ಕನ್ನಡದಲ್ಲಿ ಬಯ್ತಾರೆ, ನೀನು ತಮಿಳಲ್ಲಿ ಬಯ್ಸ್ಕೋತೀಯಲ್ಲ!" ಎಂದೂ ಕೆಣಕಿದ್ದರು.

ಹಲ್ಲು ಕಟ್ಟುವ ಮೊದಲು ಬಾಯಲ್ಲಿ ಮೇಣದ ಪಟ್ಟಿಯಿಟ್ಟು, ದವಡೆ ತನ್ನ ಸಹಜ ಜಾಗಕ್ಕೆ ಬಂದಾಗ ಮೇಲಿನದೂ ಕೆಳಗಿನದೂ ಎಲ್ಲಿ ಕೂಡುತ್ತವೆಂದು ಗುರುತು ಹಾಕಬೇಕು. ಒಮ್ಮೆ ಅಲ್ಲ, ಮೂರು ಸಲ ನೋಡಬೇಕೆಂದು ರವಿಶಂಕರ್ ಸರ್ ವರ್ಷವಿಡೀ ಹೇಳಿದ್ದರು. ಸಹಿಯ ಕೊನೆಯ ದಿನ ಹತ್ತಿರವಾಗಿತ್ತು. ವೀಕ್ಷಾ ಒಂದೇ ಸಲ ನೋಡಿದಳು.

ಹಲ್ಲು ತೊಡಿಸಿದ ದಿನ "ಕಚ್ಚಿ" ಎಂದಾಗ ಮೊದಲು ಕೆಳಗಿನ ಸಾಲು ಜಾರಿತು. ವೀಕ್ಷಾಳ ಮುಖ ಬಿಳಿಚಿಕೊಂಡಿತು. ಪ್ರೇಮಮ್ಮ ಅವಳ ಮುಖವನ್ನೇ ನೋಡಿದರು. ಮತ್ತೊಮ್ಮೆ ಕಚ್ಚಿದಾಗ ಹಲ್ಲುಗಳು ಅಚ್ಚುಕಟ್ಟಾಗಿ ಕೂಡಿದವು. ಸರ್ ಬಂದು ನೋಡಿದಾಗಲೂ ಹಾಗೆಯೇ. ಸಹಿ ಬಿತ್ತು. ಅವಳ ಫೈಲನ್ನು ಕಿರಿಯರಿಗೆ ಮಾದರಿಯೆಂದು ತೋರಿಸಿದರು. ಒಂದು ವಾರ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ದೀಪಾವಳಿಗೆ ಅಮ್ಮ ಕೋಡುಬಳೆಗೆ ಹೇಳಿದ್ದರು. ತರಲು ವೀಕ್ಷಾ ತಾನೇ ರಾಯಪುರಂಗೆ ಹೋದಳು. ಬಾಗಿಲು ತೆರೆದೇ ಇತ್ತು. ಒಲೆಯ ಮುಂದೆ ಪ್ರೇಮಮ್ಮ ಒಂದು ಕೋಡುಬಳೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಮುರಿಯುತ್ತಿದ್ದರು. ಕೆನ್ನೆ ಎಂದಿನಂತೆ ಗುಳಿಬಿದ್ದಿತ್ತು. ಹಲ್ಲುಗಳು ಗೋಡೆಯ ಗೂಡಿನಲ್ಲಿ, ಸ್ಟೀಲ್ ಲೋಟದ ನೀರಲ್ಲಿದ್ದವು.

ಅವಳನ್ನು ಕಂಡದ್ದೇ ಪ್ರೇಮಮ್ಮ ಗಡಿಬಿಡಿಯಿಂದ ಲೋಟಕ್ಕೆ ಕೈಹಾಕಿ ಹಲ್ಲು ತೊಟ್ಟುಕೊಂಡರು. "ಬಾರವ್ವ, ಚೆನ್ನಾಗೈತೆ ಹಲ್ಲು, ಬಲು ಚೆನ್ನಾಗೈತೆ!"

"ಒಮ್ಮೆ ಕಚ್ಚಿ, ಪ್ರೇಮಮ್ಮಾ."

ಪ್ರೇಮಮ್ಮ ಕೆಳದವಡೆಯನ್ನು ಮುಂದಕ್ಕೆ ತಳ್ಳಿ, ಕುತ್ತಿಗೆಯ ನರ ಬಿಗಿದು, ಹಲ್ಲು ಕೂಡಿಸಿ ತೋರಿಸಿದರು. ಆಗ ವೀಕ್ಷಾಳಿಗೆ ಎಲ್ಲ ಅರ್ಥವಾಯಿತು.

"ಇದರಲ್ಲಿ ತಿನ್ನೋಕೆ ಆಗುತ್ತಾ?"

ಉತ್ತರ ಕೊಟ್ಟವಳು ಭವಾನಿ. "ಒಂದು ತುತ್ತೂ ಆಗಲ್ಲ. ಆಸ್ಪತ್ರೆಗೆ ಬರೋವಾಗ ಮಾತ್ರ ಹಾಕ್ಕೋತಾರೆ."

"ಸುಮ್ನಿರೇ ನೀನು," ಎಂದು ಸೊಸೆಯನ್ನು ಗದರಿ ಪ್ರೇಮಮ್ಮ ತಲೆತಗ್ಗಿಸಿದರು. "ನೀನು ಪರೀಕ್ಷೆ ಐತೆ ಅಂದಿದ್ದೆ. ಹಲ್ಲು ಜಾರಿದಾಗ ನಿನ್ನ ಮೊಖ ಇಷ್ಟೇ ಇಷ್ಟಾಗಿತ್ತು. ದವ್ಡೆ ಮುಂದಕ್ಕೆ ತಂದ್ರೆ ಕೂಡ್ತದೆ ಅಂತ ಗೊತ್ತಾಯ್ತು, ಹಂಗೇ ತಂದು ತೋರಿಸ್ದೆ. ನನ್ನಿಂದ ನಿನ್ ಓದು ಯಾಕೆ ಕೆಡ್ಬೇಕು?"

ವೀಕ್ಷಾಳಿಗೆ ಅಳು ಬಂತು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಬಸ್ಸಿನಲ್ಲಿ ಮಡಿಲ ಮೇಲೆ ಕೋಡುಬಳೆ ಡಬ್ಬಿ ಇಟ್ಟುಕೊಂಡು ಯೋಚಿಸಿದಳು. ಸಹಿಯಾಗಿದೆ, ಕೇಳುವವರಿಲ್ಲ, ಪ್ರೇಮಮ್ಮ ಸತ್ತರೂ ಹೇಳುವವರಲ್ಲ. ಹಬ್ಬದ ಎರಡು ದಿನವೂ ಅವಳ ಮನಸ್ಸು ಇಲ್ಲದ ನೆಪಗಳನ್ನೆಲ್ಲ ಹುಡುಕಿತು. ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಬಾಯಿಗಿಟ್ಟಾಗ ಮಾತ್ರ ನುಂಗಲಾಗಲಿಲ್ಲ.

ಹಬ್ಬ ಕಳೆದ ಮರುದಿನ ಸರ್ ಮುಂದೆ ನಿಂತು ಎಲ್ಲ ಹೇಳಿದಳು. ಅವರು ಅವಳ ಫೈಲ್ ತೆರೆದರು.

"ನನ್ನ ಕಣ್ಣಿಗೂ ಬೀಳಲಿಲ್ಲ. ಸಹಿ ಹೊಡೆದುಹಾಕಿದರೆ ಈ ಸಲ ಪರೀಕ್ಷೆ ಇಲ್ಲ, ಗೊತ್ತಲ್ಲ?"

"ಗೊತ್ತು ಸರ್."

ಅವರು ಪೆನ್ನು ತೆಗೆದು ತಮ್ಮದೇ ಸಹಿಯ ಮೇಲೆ ನಿಧಾನವಾಗಿ ಗೆರೆ ಎಳೆದರು.

ಗೆಳತಿಯರೆಲ್ಲ ಮುಂದೆ ಹೋದರು. ಮನೆಯಲ್ಲಿ ಅಪ್ಪ ಒಂದು ವಾರ ಮಾತಾಡಲಿಲ್ಲ. ಆದರೆ ಆ ಆರು ತಿಂಗಳಲ್ಲಿ ಕಲಿತದ್ದನ್ನು ಅವಳು ಹಿಂದಿನ ನಾಲ್ಕು ವರ್ಷದಲ್ಲಿ ಕಲಿತಿರಲಿಲ್ಲ. ಪ್ರೇಮಮ್ಮನ ದವಡೆಯನ್ನು ಮೂರಲ್ಲ, ಏಳು ಸಲ ನೋಡಿದಳು. ಮೊದಲೇ ಒಂದು ಮಾತು ತೆಗೆದುಕೊಂಡಿದ್ದಳು, ಅದೂ ತನ್ನ ಹರಕು ಕನ್ನಡದಲ್ಲಿ: "ನೀವು ನನಗೆ ಪೊಯ್, ಅಂದ್ರೆ ಸುಳ್ಳು, ಹೇಳಬಾರದು. ನೋವಿದ್ರೆ ನೋವು ಅಂತಾನೇ ಹೇಳ್ಬೇಕು. ಸತ್ಯವಾ?"

ಹೊಸ ಹಲ್ಲು ತೊಟ್ಟ ದಿನ ಪ್ರೇಮಮ್ಮ ಬಾಯಿ ಮುಚ್ಚಿದರು, ತೆರೆದರು, ಅಂಜುತ್ತ ಅಂದರು: "ಎಡಗಡೆ ವಸಿ ಚುಚ್ತದೆ ಕಣವ್ವ." ಅದನ್ನು ಕೇಳಿ ವೀಕ್ಷಾಳಿಗಾದ ಸಂತೋಷ ಮುಂದೆ ಪದವಿ ಕೈಗೆ ಬಂದಾಗಲೂ ಆಗಲಿಲ್ಲ. ಉಜ್ಜಿ ಸರಿಮಾಡಿ ಕೊಟ್ಟಳು. ಪ್ರೇಮಮ್ಮ ಸೊಸೆಯ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಕಚ್ಚಿದರು. ಕಟಕ್ ಎಂದದ್ದು ಪಕ್ಕದ ಕುರ್ಚಿಯವರಿಗೂ ಕೇಳಿತು. ಅಗಿದು ನುಂಗಿ, ಸೊಸೆಯತ್ತ ತಿರುಗಿದರು. "ಭವಾನಿ, ಇದ್ಯಾಕೆ ಒಳಗೆ ಹಸಿ? ಇಷ್ಟು ದಿನ ಊರಿಗೆಲ್ಲ ಇದ್ನೇ ಕೊಟ್ಯಾ?"

ಹಳೆಯ ಜೊತೆಯನ್ನು ಅವರು ವೀಕ್ಷಾಳ ಕೈಗೇ ಹಾಕಿ, "ನೀನೇ ಇಟ್ಕೋ, ಬುದ್ಧಿ ಬರ್ತದೆ" ಎಂದು ನಕ್ಕಿದ್ದರು.

ಪ್ರೇಮಮ್ಮ ತೀರಿಹೋಗಿ ಎರಡು ವರ್ಷವಾಯಿತು. ಕಳೆದ ದೀಪಾವಳಿಗೆ ಭವಾನಿ ಎಂದಿನಂತೆ ಡಬ್ಬಿ ಹಿಡಿದು ದವಾಖಾನೆಯ ಮೆಟ್ಟಿಲು ಹತ್ತಿ ಬಂದಳು. ವೀಕ್ಷಾ ಒಂದನ್ನು ಕಚ್ಚಿ, ಮೆಲ್ಲಗೆ ಅಗಿದಳು.

"ಹೆಂಗೈತೆ?"

ಚೆನ್ನಾಗಿದೆ ಎನ್ನಲು ಹೊರಟವಳ ಕಣ್ಣು ಗಾಜಿನ ಡಬ್ಬಿಯ ಮೇಲೆ ಬಿತ್ತು.

"ಎಣ್ಣೆ ಕಾಯೋ ಮುಂಚೆ ಹಾಕಿದೀಯ ಭವಾನಿ. ಮೆತ್ತಗಾಗಿದೆ."

ಭವಾನಿ ಕುರ್ಚಿಯಲ್ಲಿ ಕುಸಿದು ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅತ್ತೆ ಹೋದ್ಮೇಲೆ ಇದನ್ನ ಹೇಳೋರೇ ಇರ್ಲಿಲ್ಲ," ಎಂದಳು.